ಪಟ್ಟೆ ಬಳಿದ ಕಮಿಲಾ

ಅಮೆರಿಕದ ಗಡಿಗೆ ಅಂಟಿಕೊಂಡ ತಿಹುವಾನಾ ಊರಿನ ಒಂದು ಬೀದಿ ಮೂಲೆಯಲ್ಲಿ ಬಿಳಿ ಕತ್ತೆಗೆ ಕಪ್ಪು ಪಟ್ಟೆ ಬಳಿದು ಜೀಬ್ರಾ ಮಾಡಿ ನಿಲ್ಲಿಸುವ ಕಸುಬನ್ನು ರೆಮಿಹಿಯೊನ ಅಜ್ಜ ಶುರುಮಾಡಿದ್ದ, ಅಪ್ಪ ಮುಂದುವರಿಸಿದ್ದ, ಈಗ ಅದು ಅವನ ಕೈಲಿತ್ತು. ಗಡಿ ದಾಟಿ ಬಂದ ಅಮೆರಿಕದವರು ಅಗಲ ಟೋಪಿ ಹಾಕಿಕೊಂಡು ಬಣ್ಣದ ಗಾಡಿ ಹತ್ತಿ, ಕತ್ತೆಯೊಂದಿಗೆ ಫೋಟೋ ತೆಗೆಸಿಕೊಂಡು ಹೋಗುವರು. ಮಾರ್ಚಿನಲ್ಲಿ ಕೊರೋನಾ ಬಂತು, ಗಡಿ ಮುಚ್ಚಿತು. ಬೀದಿಯಲ್ಲಿ ಪಾರಿವಾಳ ಬಿಟ್ಟರೆ ಯಾರೂ ಇಲ್ಲ.

ಆದರೂ ಶನಿವಾರ ಬಂತೆಂದರೆ ರೆಮಿಹಿಯೊ ಕೂದಲಿಗೆ ಹಚ್ಚುವ ಬಣ್ಣ ಕಲಸಿ, ತನ್ನ ಕತ್ತೆ ಕಮಿಲಾಳ ಪಟ್ಟೆ ತಿದ್ದುತ್ತಿದ್ದ.

"ಯಾರು ನೋಡ್ಲಿ ಅಂತ ಬಳೀತೀಯೋ ಮುದುಕಾ?" ಎಂದಳು ಹೆಂಡತಿ ಹಸಿಂತಾ. "ಆ ಡಬ್ಬಿ ನಂದು. ನನ್ನ ತಲೆ ನೋಡು, ಹೇಗಾಗಿದೆ."

"ನಿನ್ನ ಫೋಟೋ ಯಾರೂ ತೆಗೆಯಲ್ಲವಲ್ಲೇ."

"ಹೌದಪ್ಪ, ಅವಳ ಫೋಟೋ ತೆಗೆಯೋಕೆ ಸಾಲು ನಿಂತಿದಾರೆ."

ಜೂನ್ ಹೊತ್ತಿಗೆ ಮೇವು ಮುಗಿಯಿತು. ಕಮಿಲಾಳ ಪಕ್ಕೆಲುಬು ಎದ್ದು, ಬಳಿಯದ ಕಡೆಯೂ ಪಟ್ಟೆ ಕಾಣತೊಡಗಿತು. ಕಟುಕ ಎರಡು ಸಲ ಬಂದು, ಸುಮ್ಮನೆ ಯೋಗಕ್ಷೇಮ ವಿಚಾರಿಸಿ ಹೋದ.

ಅಷ್ಟರಲ್ಲಿ ಗುಡ್ಡದ ಮೇಲೆ ಇಟ್ಟಿಗೆ ಗೂಡು ನಡೆಸುವ ಯಜಮಾನ ದೋನ್ ಆನ್ಸೆಲ್ಮೊ ಹೇಳಿಕಳಿಸಿದ: ಕತ್ತೆ ಗಾಡಿ ಎಳೆದರೆ ದಿನಕ್ಕೆ ಒಂದು ಹೊರೆ ಮೇವು, ಕುದುರೆಮಸಾಲೆ ಸೊಪ್ಪು.

"ಅಲ್ಲೂ ಆಗ್ಲಿಲ್ಲ ಅಂದ್ರೆ ಕಟುಕನೇ ಗತಿ" ಎಂದಳು ಹಸಿಂತಾ.

ಮರುದಿನ ಗೂಡಿನಲ್ಲಿ ಗಾಡಿಗೆ ಇಟ್ಟಿಗೆ ತುಂಬಿ ಕಮಿಲಾಳನ್ನು ಹೂಡಿದರು. ಅವಳು ಅಲುಗಲಿಲ್ಲ. ಬೀದಿಯಲ್ಲಿ ಅವಳ ಗಾಡಿಯ ಚಕ್ರಕ್ಕೆ ಸದಾ ಸರಪಳಿ ಹಾಕಿರುತ್ತಿತ್ತು. ಗಾಡಿ ಉರುಳುವ ವಸ್ತುವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ತಳ್ಳಿದರು, ಜಗ್ಗಿದರು. ಕೆಲಸದವನೊಬ್ಬ ನಗುತ್ತ ಫೋಟೋ ಹಿಡಿಯಲು ಫೋನು ತೆಗೆದ. ತಕ್ಷಣ ಕಮಿಲಾ ಕತ್ತನ್ನು ತುಸು ಎಡಕ್ಕೆ ತಿರುಗಿಸಿ, ಕಿವಿ ನಿಮಿರಿಸಿ, ಉಸಿರು ಬಿಗಿಹಿಡಿದು ನಿಂತಳು.

"ಇದೇನಯ್ಯಾ ಮಾಡ್ತಿದೆ?" ಎಂದ ಆನ್ಸೆಲ್ಮೊ.

"ಕೆಲಸ ಮಾಡ್ತಿದಾಳೆ, ದೋನ್" ಎಂದ ರೆಮಿಹಿಯೊ. "ನಾನೇ ಕಲಿಸಿದ್ದು. ಹನ್ನೆರಡು ವರ್ಷ, ಅಲುಗಾಡಿದ್ರೆ ಬೈತಿದ್ದೆ."

"ನನಗೆ ಇಟ್ಟಿಗೆ ಕೆಳಗೆ ಹೋಗ್ಬೇಕು ಮಾರಾಯ. ಕರ್ಕೊಂಡು ಹೊರಡು."

ರೆಮಿಹಿಯೊ ಕಮಿಲಾಳನ್ನು ಬಿಚ್ಚಿ ನೆರಳಿಗೆ ಕಟ್ಟಿದ. ವಾಪಸು ಬಂದು ನೊಗದ ಪಟ್ಟಿಯನ್ನು ತನ್ನ ಎದೆಗೆ ಹಾಕಿಕೊಂಡ. ಮೂರನೇ ಸಲ ಎಳೆದಾಗ ಗಾಡಿ ಉರುಳಿತು.

ಆನ್ಸೆಲ್ಮೊ ಗಾಡಿಯ ಪಕ್ಕದಲ್ಲೇ ನಡೆಯುತ್ತ ಲೆಕ್ಕ ಹಾಕಿದ. "ಒಂದು ಹೊರೆ ಅಂದಿದ್ದು ಕತ್ತೆಗೆ. ಮನುಷ್ಯನಿಗೆ ಅಷ್ಟು ಕೊಡೋಕಾಗಲ್ಲ."

"ಮುಕ್ಕಾಲು ಕೊಡಿ."

ಅಲ್ಲಿಗೆ ಮಾತು ಮುಗಿಯಿತು. ಸಂಜೆಯತನಕ ಅವನು ಒಂಬತ್ತು ಸಲ ಗುಡ್ಡ ಇಳಿದು ಹತ್ತಿದ. ಕಮಿಲಾ ನೆರಳಲ್ಲಿ ನಿಂತು ಸೊಪ್ಪು ತಿಂದಳು.

"ಏನಾಯ್ತು?" ಎಂದಳು ಹಸಿಂತಾ ಬಾಗಿಲಲ್ಲೇ.

"ಕೆಲಸ ಸಿಕ್ತು. ನಾಳೆ ಐದಕ್ಕೆ ಎಬ್ಬಿಸು."

"ಅವಳನ್ನೂನಾ?"

"ಬೇಡ, ಅವಳು ಮಲಗಿರ್ಲಿ" ಎಂದ ರೆಮಿಹಿಯೊ, ಗೋಡೆ ಹಿಡಿದು ಕೂರುತ್ತ.