ಗುಲಾಬಿ ಹರಳು

ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ಒಳಗಿನಿಂದ ಹೊಲಿದು ಕೂರಿಸುವ ತೇಪೆಯೊಂದರ ಹಿಂದೆ ಅಕ್ಕ ಆರು ವರ್ಷದಿಂದ ಬಿದ್ದಿದ್ದಳು. ಪಾಲಿಮರ್‌ನ ತೆಳ್ಳನೆಯ ಹಾಳೆ ಅದು. ಗಾಯ ಕೂಡುವ ನಾಲ್ಕು ವಾರ ಗಟ್ಟಿಯಾಗಿ ಹಿಡಿದಿರಬೇಕು, ಆಮೇಲೆ ಮೈಯೊಳಗೇ ಕರಗಿಹೋಗಬೇಕು. ಎರಡು ಸಲ ಆಸ್ಪತ್ರೆಯ ಪರೀಕ್ಷೆಗೆ ಹೋಗಿ ಎರಡು ಸಲವೂ ಸೋತು ಬಂದಿತ್ತು. ಎರಡು ಸಲವೂ ಅವಳು ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತಿದ್ದಳು.

ಈಗ ನೋಡಿದರೆ, ಅವಳೇ ಕೈಹಿಡಿದು ಪ್ರಯೋಗಾಲಯಕ್ಕೆ ಕರೆತಂದ ತಂಗಿ, ಮನೆಮಂದಿಯ ಮುದ್ದಿನ ಪುಟ್ಟಿ, ತನ್ನದೇ ಒಂದು ತೇಪೆ ಮಾಡಿಕೊಂಡು ಕೂತಿದ್ದಾಳೆ! ಮೂರನೆಯ ಪರೀಕ್ಷೆಗೆ ಪುಟ್ಟಿಯದೇ ಹೋಗಲಿ ಎಂದು ಮುಖ್ಯಸ್ಥರು ಹೇಳಿಯೂಬಿಟ್ಟರು. ಇದೇ ಕೊನೆಯ ಅವಕಾಶ. ಅಕ್ಕ ಎಲ್ಲರೆದುರು ತಂಗಿಯ ಬೆನ್ನು ತಟ್ಟಿದಳು. ಒಳಗೆ ಧಗಧಗ ಉರಿಯುತ್ತಿತ್ತು. ಹೊಟ್ಟೆಗೆ ತೇಪೆ ಮಾಡುವವಳ ಹತ್ತಿರ ಹೊಟ್ಟೆಕಿಚ್ಚಿಗೊಂದು ತೇಪೆ ಇರಲಿಲ್ಲ, ಪಾಪ.

ಕಳಿಸುವ ದಿನ ಮಧ್ಯಾಹ್ನ ಪುಟ್ಟಿಯ ಮೇಜಿನ ಮೇಲೆ ಡಬ್ಬಿ ತೆರೆದಿತ್ತು. ಕಾಗದದಲ್ಲಿ ಸುತ್ತಿದ ತೇಪೆ, ಪಕ್ಕದಲ್ಲಿ ತೇವ ಹೀರುವ ಹರಳುಗಳ ಪುಟ್ಟ ಚೀಲ. ಆ ಹರಳು ಒಣಗಿದ್ದರೆ ನೀಲಿ, ತೇವ ಕುಡಿದು ತುಂಬಿದ್ದರೆ ಗುಲಾಬಿ. ಪುಟ್ಟಿ ಅವಸರದಲ್ಲಿ ಹಳೆಯ ಚೀಲವನ್ನೇ ಹಾಕಿದ್ದಳು. ಅಕ್ಕನ ಕಣ್ಣಿಗೆ ಒಂದೇ ಒಂದು ನೀಲಿ ಹರಳೂ ಬೀಳಲಿಲ್ಲ. ತೇವ ತಗುಲಿದ ಕ್ಷಣದಿಂದ ಈ ತೇಪೆ ಕರಗಲು ಶುರು. ಹೀಗೇ ಹೋದರೆ ಬಿಸಿಲಲ್ಲಿ ಆಸ್ಪತ್ರೆ ತಲುಪುವಷ್ಟರಲ್ಲಿ ಅರ್ಧ ಆಯಸ್ಸು ಮುಗಿದಿರುತ್ತದೆ.

ಹೊಸ ಚೀಲ ಕೈಗೆಟುಕುವಲ್ಲೇ ಇತ್ತು. ಅಕ್ಕ ಕೈ ಚಾಚಲಿಲ್ಲ.

"ಎಲ್ಲ ಸರಿಯಾಗಿದೆಯಾ ಅಕ್ಕಾ, ಒಂದ್ಸಲ ನೋಡ್ತೀಯಾ?" ಪುಟ್ಟಿ ಟೇಪು ಹಿಡಿದು ಬಂದಳು.

"ನೋಡಿದೆ. ಮುಚ್ಚು."

ಎರಡು ವಾರಕ್ಕೆ ವರದಿ ಬಂತು. ಪರೀಕ್ಷೆಯ ಉಪ್ಪುನೀರಿನಲ್ಲಿ ಐದನೆಯ ದಿನಕ್ಕೇ ತೇಪೆ ಹರಿದಿತ್ತು. ಅಕ್ಕ ಸಪ್ಪೆ ಮುಖ ಮಾಡಿಕೊಂಡು ತಂಗಿಯ ಬಳಿ ಹೋದಳು. ಎದೆ ಮಾತ್ರ ಹಗುರಾಗಿತ್ತು, ಸುಳ್ಳೇಕೆ ಹೇಳಬೇಕು!

ಪುಟ್ಟಿ ಬಿಕ್ಕುತ್ತಿದ್ದಳು. "ಅಕ್ಕಾ, ಅದು ನಂದಲ್ಲ. ನಿಂದು."

"ಏನೇ ಹಾಗಂದ್ರೆ?"

"ನಂದರಲ್ಲಿ ಹೊಲಿಗೆ ನಿಲ್ತಿರ್ಲಿಲ್ಲ, ಸೂಜಿ ಚುಚ್ಚಿದ ಕಡೆಯೆಲ್ಲ ಹರೀತಿತ್ತು. ಹೋದ ತಿಂಗಳು ನೀನು ಮಾಡಿಟ್ಟಿದ್ಯಲ್ಲ, ಅದೇ ಒಳ್ಳೇದು ಅಂತ ಸರ್ ಹತ್ರ ಜಗಳ ಆಡಿ ಒಪ್ಪಿಸ್ದೆ. ಸೋತ್ರೆ ಮತ್ತೆ ಅಳ್ತೀಯ ಅಂತ ಹೇಳ್ಲಿಲ್ಲ. ಗೆದ್ಮೇಲೆ ಹೇಳೋಣ ಅಂತಿದ್ದೆ."

ಅಕ್ಕ ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು. ಆರು ವರ್ಷದ ಕೆಲಸಕ್ಕೆ ತಾನೇ ಕಲ್ಲು ಹಾಕಿಕೊಂಡಿದ್ದಳು.

ಪುಟ್ಟಿ ಮೂಗೊರೆಸಿಕೊಂಡಳು. "ಡಬ್ಬಿ ತೆಗೆದಾಗ ಹರಳು ಗುಲಾಬಿ ಆಗಿತ್ತಂತೆ. ದಾರೀಲೇ ಏನೋ ಆಗಿರ್ಬೇಕು. ನೀನು ನೋಡಿದಾಗ ನೀಲಿನೇ ಇತ್ತಲ್ವಾ? ನೀನು ನೋಡಿದ್ಮೇಲೆ ತಪ್ಪಾಗೋ ಮಾತೇ ಇಲ್ಲ."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆ ಒಂದು ಹೂಂಗೆ ಅಕ್ಕನ ನಾಲಿಗೆ ಹೊರಳಲಿಲ್ಲ.

"ಗುಲಾಬಿನೇ ಇತ್ತು ಕಣೇ," ಎಂದಳು.

ಪುಟ್ಟಿಯ ಅಳು ತಟ್ಟನೆ ನಿಂತಿತು.