ತೇರ್ಸಿನ ನಡುವೆ

ಗುಡ್ಡದ ಮಂಜು ಕಿಟಕಿಯ ಸರಳಿಗೆ ಬಂದು ತಾಗುತ್ತಿದೆ, ಕೋಣೆಯಲ್ಲಿ ಫಿನಾಯಿಲಿನ ವಾಸನೆ, ಬಿಳಿ ಬೆಡ್‌ಶೀಟಿನಲ್ಲಿ ಇಸ್ತ್ರಿಯ ಗೆರೆ ಇನ್ನೂ ಹೋಗಿಲ್ಲ — ಕಡಿಮೆ ದರದ ಹೋಟೆಲಾದರೂ ಚೊಕ್ಕ ಉಂಟು, ಮಗ ಆಂಡ್ರ್ಯೂ ಫೋನಿನಲ್ಲೇ ಹುಡುಕಿದ್ದು, ಕಾರ್ಕಳ ದಾಟಿ ಘಟ್ಟದ ಬುಡದಲ್ಲಿ ಇಂಥದ್ದೊಂದು ಊರಿದೆಯೆಂದು ಶಿರ್ವ ಬಿಟ್ಟು ಹೋಗದ ನನಗೆ ಹೇಗೆ ಗೊತ್ತಿರಬೇಕು. ಅಜ್ಜಿಯವರಿಗೆ ಕೆಳಗಿನ ಫ್ಯಾಮಿಲಿ ರೂಮೇ ಇಟ್ಟಿದ್ದೇವೆ, ಬಾತ್‌ರೂಮಿಗೆ ಎಂಟು ಹೆಜ್ಜೆ, ಹಿಡ್ಕೊಳ್ಳಲಿಕ್ಕೆ ಕಂಬಿ ಸಹ ಉಂಟು, ಎಂದ ಮ್ಯಾನೇಜರ್ ಸರ್ವೋತ್ತಮ. ಅಜ್ಜಿಯೆಂದರೆ ನನ್ನ ಅತ್ತೆ, ಜೆರ್ಟ್ರೂಡ್ ಮಾಂಯ್, ತೊಂಬತ್ತೊಂದು ವರ್ಷ, ಬಲಗಡೆ ಸ್ವಾಧೀನ ತಪ್ಪಿ ಎರಡು ವರ್ಷವಾಯಿತು, ಮಾತಿಲ್ಲ, ಬುದ್ಧಿ ಮಾತ್ರ ಮೀನು ಕೊಯ್ಯುವ ಕತ್ತಿಯ ಹಾಗೆ. ಉಳಿದವರೆಲ್ಲ ಸೂರ್ಯ ಮುಳುಗುವುದನ್ನು ನೋಡಲು ಗುಡ್ಡ ಹತ್ತಿದ್ದಾರೆ, ಮಮ್ಮಾ, ನೀವಿದ್ದರೆ ನಮಗೆ ಎಂತ ಚಿಂತೆ, ನಿಮ್ಮ ತಾಳ್ಮೆ ನನಗೆ ಬರುವುದುಂಟಾ, ಎಂದಳು ಸೊಸೆ ಶಾರ್ಲೆಟ್ — ತಾಳ್ಮೆ, ಹೌದು — ಜಪಸರ ಹಿಡಿದು ಮಂಚದ ಪಕ್ಕ ಕುಳಿತೆ, ಸಂಜೆಯ ತೇರ್ಸ್, ಮಾತೆಗೆ ಮಣಿ ಎಣಿಸುತ್ತ ಹೇಳುವ ಪ್ರಾರ್ಥನೆ, ತಪ್ಪಬಾರದಲ್ಲ, ಎರಡನೆಯ ಹತ್ತು ಮಣಿ ಮುಗಿಯುವಾಗ ಮಾಂಯ್ ಎಡಗೈಯಿಂದ ಮಂಚದ ಪಟ್ಟಿಗೆ ತಟ್ಟಿದರು, ಒಂದು ಸಲ ತಟ್ಟಿದರೆ ನೀರು, ಎರಡು ಸಲ ತಟ್ಟಿದರೆ ಬಾತ್‌ರೂಮು, ಎರಡು ತಟ್ಟಿದರು.

ಕೂತ್ಕೋ ಮೇಬಲ್, ತೇರ್ಸಿನ ನಡುವೆ ಏಳುವ ಕ್ರಮ ಈ ಮನೆಯಲ್ಲಿಲ್ಲ, ಮಾತೆಯ ಎದುರು ನಿನಗೆಂತ ಅರ್ಜೆಂಟು, ಎಂದಿದ್ದರು ಆಗ ಇದೇ ಮಾಂಯ್ — ನನಗೆ ಇಪ್ಪತ್ತೆರಡು, ಹೊಟ್ಟೆಯಲ್ಲಿ ಐದು ತಿಂಗಳು, ತೊಡೆಯ ಮೇಲೆ ಬಿಸಿ ಬಿಸಿಯಾಗಿ ಇಳಿಯುತ್ತಿತ್ತು, ಮಾಂಯ್ ಕಣ್ಣು ಸಹ ತೆರೆಯಲಿಲ್ಲ, ಐದು ಹತ್ತೂ ಮುಗಿಯಬೇಕು, ಕೊನೆಯ ಸ್ತುತಿಮಾಲೆ ಲದಿನ್ ಹಾಡಿ ಆಗಬೇಕು, ಆಮೇಲೆ ಆಸ್ಪತ್ರೆಗೆ ಜೀಪು. ಹೆಣ್ಣು. ಜ್ಞಾನಸ್ನಾನವಾಗದ್ದಕ್ಕೆ ಇಗರ್ಜಿಯ ಮಣ್ಣಿಲ್ಲವೆಂದು ಬಚ್ಚಲಿನ ಹಿಂದಿನ ತೆಂಗಿನ ಬುಡದಲ್ಲಿ ಇಟ್ಟರು, ಚಾಪೆ ನೀನೇ ತೊಳೆ, ಎಂದರು, ತೊಳೆದೆ, ಆ ಮರದ ಕಾಯಿಯನ್ನೇ ನಲವತ್ತೈದು ವರ್ಷ ಅರೆದು ಇವರ ಗಸಿಗೆ ಹಾಕಿದೆ.

ನಮಾನ್ ಮರಿಯೆ, ನಿಧಾನ, ಅವಸರದ ಪ್ರಾರ್ಥನೆ ದೇವರಿಗೆ ತಲುಪುವುದಿಲ್ಲವೆಂದು ಕಲಿಸಿದವರೂ ಇವರೇ, ಎರಡು ತಟ್ಟು, ಪುನಃ ಎರಡು, ಹಾಸಿಗೆಯನ್ನು ಒಮ್ಮೆಯೂ ಒದ್ದೆ ಮಾಡಿಕೊಂಡವರಲ್ಲ, ಉಳಿದಿರುವ ಮಾನ ಅದೊಂದೇ, ಅಂಗಳದಲ್ಲಿ ಮಕ್ಕಳ ನಗು ಕೇಳಿಸುತ್ತಿದೆ, ಈಗ ಬಂದೇ ಬಿಡುತ್ತಾರೆ, ಮಾಂಯ್ ಅವರ ಕಣ್ಣು ಬಾಗಿಲಿಗೆ ಹೋಗಿ ನನಗೆ ಬರುತ್ತದೆ, ಎಂಟು ಹೆಜ್ಜೆ, ನನ್ನ ಮಂಡಿ ಗಟ್ಟಿಯೇ ಉಂಟು, ಏಳಬಹುದು, ಏಳುವುದಿಲ್ಲ. ಈಗ ತಟ್ಟುವುದು ನಿಂತಿತು, ಆ ಕೈ ಮಂಚ ಬಿಟ್ಟು ಮೇಲೆದ್ದು ನನ್ನ ತಲೆಯ ಕಡೆಗೆ ಬರುತ್ತಿದೆ — ಓ, ಬೆಸಾಂವ್, ತೇರ್ಸ್ ಮುಗಿದ ಮೇಲೆ ಹಿರಿಯರು ಕಿರಿಯರ ತಲೆ ಮುಟ್ಟಿ ಕೊಡುವ ಆಶೀರ್ವಾದ, ಮುಗಿಯುವ ಮೊದಲೇ, ಎಡಗೈಯಲ್ಲಿ, ಲಂಚದ ಹಾಗೆ — ನಾನು ತಲೆಯನ್ನು ಸ್ವಲ್ಪ ಆಚೆ ಸರಿಸಿದೆ, ಒಂದು ಬೆರಳಿನಷ್ಟು, ಕೈ ಗಾಳಿಯಲ್ಲಿ ನಿಂತಿತು, ಇನ್ನೊಂದು ಮಣಿ, ಕೈ, ಬಾಗಿಲ ಹೊರಗೆ ಚಪ್ಪಲಿ ಬಿಡುವ ಸದ್ದು, ಇನ್ನೊಂದು ಮಣಿ, ಬೆಡ್‌ಶೀಟಿನ ಗೆರೆ ನಿಧಾನ ಒದ್ದೆಯಾಗಿ ಕಪ್ಪಾಗುತ್ತಿದೆ, ಐದು ಬೆರಳೂ ಬಿಡಿಸಿಕೊಂಡು ಆ ಕೈ, ಗಾಳಿಯಲ್ಲಿ, ಆ ಕೈ —