ತೊಕಿಯೆ ಅಕ್ಕನ ಮೂವತ್ತು ಏಟು

ಹಿಮದೊಳಗೆ ಕೆಟ್ಟ ಪದರವೊಂದು ಸಿಕ್ಕರೆ ನಿಧಿ ಸಿಕ್ಕಂತೆ ಕುಣಿದಾಡುವ ಜೀವವನ್ನು ನಾನು ಕಂಡದ್ದು ಒಂದೇ ಒಂದು. ತೊಯಾಮಾದ ನಮ್ಮ ಬೆಟ್ಟಗಳಲ್ಲಿ ನಲವತ್ತು ವರ್ಷ ಸ್ಕೀ ತಂಡಗಳಿಗೆ ದಾರಿ ತೋರಿದ ತೊಕಿಯೆ ಅಕ್ಕ. ಅರವತ್ತು ದಾಟಿದ ಕುಳ್ಳ ದೇಹ, ಬಾತುಕೋಳಿಯ ನಡಿಗೆ, ಮೊಣಕಾಲಿನವರೆಗೆ ಜೋಲುವ ಬಣ್ಣಗೆಟ್ಟ ಕಿತ್ತಳೆ ಕೋಟು. ಇಳಿಜಾರಿನ ಅಂಚಿನಲ್ಲಿ ಎದೆಮಟ್ಟ ಗುಂಡಿ ತೋಡಿ, ಹಿಮದ ಗೋಡೆಯಿಂದ ಗರಗಸದಲ್ಲಿ ಒಂದು ಕಂಬ ಬಿಡಿಸಿ, ಅದರ ನೆತ್ತಿಯ ಮೇಲೆ ಸಲಿಕೆಯಿಟ್ಟು ಬಡಿಯುವಳು: ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಕಂಬ ಜಾರಿದರೆ ಇಡೀ ಇಳಿಜಾರೇ ಕುಸಿದು ತಂಡವನ್ನು ಹೂಳಬಹುದು. ಎಂಟನೆಯ ಏಟಿಗೇ ಜಾರಿತೋ, ಒಳಗಿನ ಸಕ್ಕರೆಯಂಥ ಸಡಿಲ ಹರಳುಗಳನ್ನು ಅಂಗೈಗೆ ಸುರಿದುಕೊಂಡು, "ಸಿಕ್ಕಿಬಿದ್ಯಲ್ಲೋ ಕಳ್ಳ! ನಡೀರಿ ಮನೆಗೆ" ಎಂದು ಕೇಕೆ ಹಾಕುವಳು.

ಕಂಬ ನಿಂತರೂ ತೀರ್ಪು ಅವಳದಲ್ಲ. ತಂಡಕ್ಕೆ ಎಲ್ಲರಿಗಿಂತ ಈಚೆಗೆ ಸೇರಿದವರನ್ನೇ ಮೊದಲು ಕೇಳುವಳು. ಅವರು ಬೇಡವೆಂದರೆ ಹಿಂತಿರುಗಬೇಕು, ಚರ್ಚೆಯಿಲ್ಲ. ಆದರೆ ಹಿರಿಯರೆದುರು ತಲೆಬಾಗಿಯೇ ಬೆಳೆದ ನಾವು, ಅವಳ ಮುಖ ನೋಡಿ "ಹೋಗೋಣ" ಎಂದೇ ಅನ್ನುತ್ತಿದ್ದೆವು. ಹರೆಯದಲ್ಲಿ ಅವಳೂ ಹಾಗೆಯೇ, ಕಾಲಡಿಯ ಹಿಮ ಒಳಗೇ ತಗ್ಗಿ 'ಧುಪ್' ಎಂದು ಎಚ್ಚರಿಸಿದ್ದು ಕೇಳಿಯೂ ಗುರುವಿನೆದುರು ಸುಮ್ಮನಿದ್ದಳಂತೆ. ಆ ಕೋಟು ಗುರುವಿನದು. ಹಿಮ ಕುಸಿದ ಆ ದಿನ, ಅವರ ಹೆಣದೊಂದಿಗೇ ಅಗೆದು ತೆಗೆದದ್ದು.

ಕರಸುದಾನಿ ಕಣಿವೆಯ ಉತ್ತರದ ಇಳಿಜಾರನ್ನು ಸ್ಕೀಯಲ್ಲಿ ಇಳಿಯುವುದು ಅವಳ ಹನ್ನೊಂದು ವರ್ಷದ ಆಸೆ. ಮಾರ್ಚಿನಲ್ಲಿ ಮಂಡಿಯ ಶಸ್ತ್ರಚಿಕಿತ್ಸೆ, ಆಮೇಲೆ ಸ್ಕೀ ಕಟ್ಟುವಂತಿಲ್ಲ. ಉಳಿದಿದ್ದುದು ಆ ಫೆಬ್ರವರಿಯ ಒಂದು ಬೆಳಗು: ಆಕಾಶ ನಿಚ್ಚಳ, ಗಾಳಿಯಿಲ್ಲ, ಮೂವತ್ತು ಏಟಿಗೂ ಕಂಬ ಅಲುಗಲಿಲ್ಲ. ಅಬ್ಬಾ, ಅಕ್ಕನ ಮುಖ ನೋಡಬೇಕಿತ್ತು!

"ಹೊಸಬ, ನೀ ಹೇಳು."

ಆ ದಿನ ತಂಡಕ್ಕೆ ಹೊಸಬ ನಾನೇ. "ಅಕ್ಕ... ಆಗ್ಲೇ, ಆ ಒಂಟಿಮರದ ಹತ್ರ, ನನ್ನ ಕಾಲ್ಕೆಳಗೆ ಧುಪ್ ಅಂತು."

"ನಿನ್ನ ಹೊಟ್ಟೆ ಅಂದಿರ್ಬೇಕು ಕಣೋ! ಮೂರು ಅನ್ನದುಂಡೆ ನುಂಗಿದ್ದೀಯ" ಎಂದು ಅವಳ ಹಳೆಯ ಒಡನಾಡಿ ಉರಬೆ ನಕ್ಕ.

ಅಕ್ಕ ನಗಲಿಲ್ಲ. ಇಳಿಜಾರನ್ನು ಒಮ್ಮೆ ಕಣ್ತುಂಬ ನೋಡಿದಳು. "ಬೇಡ ಅಂದಾಯ್ತು. ಸ್ಕೀ ತಿರುಗಿಸ್ರೋ."

ಎದುರು ದಿಣ್ಣೆಯಲ್ಲಿ ಕೂತು ಸಂಜೆಯವರೆಗೆ ನೋಡಿದೆವು. ಕುಸಿ, ದಯಮಾಡಿ ಕುಸಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಒಂದು ಹಿಡಿ ಹಿಮವೂ ಉರುಳಲಿಲ್ಲ. ಅಳು ನುಗ್ಗಿ ಬಂತು.

"ತಪ್ಪಾಯ್ತು ಅಕ್ಕ."

"ಅಯ್ಯೋ ಹುಚ್ಚಪ್ಪ!" ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ, ಕೆಟ್ಟ ಪದರ ಸಿಕ್ಕಾಗಿನ ಅದೇ ಕೇಕೆ ಹಾಕಿದಳು. "ನಲವತ್ತು ವರ್ಷ ಕೇಳಿದೀನಿ ಕಣೋ. ಇವತ್ತು ಒಬ್ಬ ಬಾಯಿಬಿಟ್ಟ!"

ಆ ಹಿಮ ಕೊನೆಗೂ ಕುಸಿಯಲಿಲ್ಲ. ಮೇ ತಿಂಗಳಲ್ಲಿ ಸದ್ದಿಲ್ಲದೆ ಕರಗಿ ಹೊಳೆ ಸೇರಿತು. ನಾನು ಹೇಳಿದ್ದು ಸರಿಯೋ ತಪ್ಪೋ ಇಂದಿಗೂ ಗೊತ್ತಿಲ್ಲ. ಅಕ್ಕನಂಥವರು ಗೆದ್ದರೋ ಸೋತರೋ ಯಾರಿಗೂ ತಿಳಿಯುವುದಿಲ್ಲ. ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಒಂದು ಜಾಗವೂ ಖಾಲಿಯಿರುವುದಿಲ್ಲ, ಅಷ್ಟೆ.